ಸುಟ್ಟ ಪೈನ್ ಕಾಡಿನಲ್ಲಿ ಸಸಿ ನೆಡುವ ಮುನ್ನ ಕಾಯಿ ನೋಡಿ

ಉತ್ತರ ಅಮೆರಿಕದ ರಾಕಿ ಪರ್ವತಗಳಲ್ಲಿ ಕಾಡ್ಗಿಚ್ಚು ಆರಿದೊಡನೆ ಸಸಿಗೆ ದುಡ್ಡು ಸುರಿಯಬೇಡಿ. ಮೊದಲು ಸುಟ್ಟ ಮರದ ಕಾಯಿ (ಕೋನ್) ಹುಡುಕಿ. ಕಾಡು ತಾನಾಗಿ ಮೊಳೆತೀತೇ ಎಂಬುದನ್ನು ಅದೇ ಹೇಳುತ್ತದೆ.

ಕಾಯಿ 3–5 ಸೆಂ.ಮೀ. ಉದ್ದವಿದ್ದು ಕೊಂಬೆಗೆ ಕಚ್ಚಿಕೊಂಡಿದ್ದರೆ ಅದು ಬಹುಶಃ ಲಾಡ್ಜ್‌ಪೋಲ್ ಪೈನ್. ಈ ಜಾತಿಯ ಹಲವು ಮರಗಳ ಕಾಯಿ ಬಲಿತರೂ ಬಾಯಿ ಬಿಡುವುದಿಲ್ಲ. ಚಿಪ್ಪುಗಳನ್ನು ರಾಳ ಬೆಸೆದಿರುತ್ತದೆ. ಸುಮಾರು 45–60 ಡಿಗ್ರಿ ಸೆಲ್ಸಿಯಸ್ ಬಿಸಿಗೆ ರಾಳ ಕರಗಿ, ವರ್ಷಗಟ್ಟಲೆ ಕೂಡಿಟ್ಟ ಬೀಜ ಬೂದಿಯ ಮೇಲೆ ಉದುರುತ್ತದೆ. ದರಗು ಸುಟ್ಟು ಮಣ್ಣು ಬಯಲಾಗಿರುವುದರಿಂದ ಬೇರು ಬೇಗ ಇಳಿಯುತ್ತದೆ. ಆದರೆ ಎಲ್ಲ ಲಾಡ್ಜ್‌ಪೋಲ್‌ಗಳೂ ಹೀಗಲ್ಲ. ಚಿಪ್ಪಿನ ಒಳಮೈ ಮಳೆಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದ್ದರೆ ಆ ಕಾಯಿ ಬೆಂಕಿಗೆ ಮೊದಲೇ ಖಾಲಿ. ಹೊರಗೆ ಕರಕಲು, ಒಳಗೆ ಹೊಸ ಕಂದುಬಣ್ಣವಿದ್ದರೆ ಬೆಂಕಿಯೇ ತೆರೆದದ್ದು.

ಉಳಿದ ಬೀಜವನ್ನು ಉದ್ದಕ್ಕೆ ಸೀಳಿ ನೋಡಿ: ಬಿಳಿಯಾಗಿ ಗಟ್ಟಿಯಿದ್ದರೆ ಒಳ್ಳೆಯದು, ಸುಕ್ಕುಗಟ್ಟಿದ್ದರೆ ಜೊಳ್ಳು. ಇನ್ನೂ ಮುಚ್ಚಿರುವ ಕಾಯಿಯನ್ನು ಅರ್ಧ ನಿಮಿಷ ಕುದಿನೀರಿಗೆ ಅದ್ದಿ, 60 ಡಿಗ್ರಿಯ ಒಣ ಶಾಖದಲ್ಲಿಟ್ಟರೆ ಬಿರಿಯುತ್ತದೆ.

ತಾವಾಗಿ ಎದ್ದ ಸಸಿಗಳ ಎಣಿಕೆಗೆ ಮುಂದಿನ ಬೇಸಿಗೆ ಮುಗಿಯುವವರೆಗೆ ಕಾಯಿರಿ. ಮೊದಲ ಬೇಸಿಗೆಯ ಒಣಹವೆಗೇ ಬಹಳಷ್ಟು ಮೊಳಕೆ ಸಾಯುತ್ತವೆ. ನೆಲಕ್ಕೊಂದು ಗೂಟ ಹೊಡೆದು, ಅದಕ್ಕೆ ಕಟ್ಟಿದ 3.99 ಮೀಟರ್ ಹಗ್ಗವನ್ನು ಬಿಗಿಹಿಡಿದು ಒಂದು ಸುತ್ತು ಬನ್ನಿ. ಆ ವೃತ್ತ 50 ಚದರ ಮೀಟರ್, ಒಳಗಿನ ಸಸಿಗಳನ್ನು 200ರಿಂದ ಗುಣಿಸಿದರೆ ಹೆಕ್ಟೇರಿನ ಲೆಕ್ಕ. ಕನಿಷ್ಠ ಹತ್ತು ವೃತ್ತ ಹಾಕಿ, ಹಸಿರು ಕಂಡಲ್ಲೇ ಗೂಟ ಹೊಡೆಯುವ ಆಸೆ ಬಿಡಿ. ಸರಾಸರಿಯನ್ನು ನಂಬಿ ಕೆಡುವವರೇ ಹೆಚ್ಚು: ಒಂದರಲ್ಲಿ 60 ಸಸಿ, ಒಂಬತ್ತು ಖಾಲಿ ಎಂದರೂ ಹೆಕ್ಟೇರಿಗೆ 1200 ಎಂದು ಬರುತ್ತದೆ! ಖಾಲಿ ವೃತ್ತಗಳನ್ನು ಬೇರೆಯೇ ಬರೆದಿಟ್ಟು ಅಲ್ಲಷ್ಟೇ ನೆಡಿ. 1988ರಲ್ಲಿ ಸುಟ್ಟ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲೂ ಕೆಲವೆಡೆ ಸಸಿ ಹೆಕ್ಟೇರಿಗೆ ಲಕ್ಷ ದಾಟಿತ್ತು, ಕೆಲವೆಡೆ ಬೆರಳೆಣಿಕೆ.

ಸತ್ತ ಮರ ಕಡಿದು ಸಾಗಿಸುವುದಾದರೆ ಬೆಂಕಿಯ ನಂತರದ ಮೊದಲ ಚಳಿಗಾಲದಲ್ಲೇ, ಹಿಮದ ಮೇಲೆ ಮುಗಿಸಿ. ಕಾಯಿಯಿರುವ ಕೊಂಬೆಗಳನ್ನು ಅಲ್ಲೇ ಹರಡಿ. ತಡವಾದರೆ ಯಂತ್ರದ ಗಾಲಿ ಮೊಳಕೆಯನ್ನೇ ಅರೆಯುತ್ತದೆ. ಮಣ್ಣು ಕೊಚ್ಚಿಹೋದೀತೆಂದು ಹುಲ್ಲಿನ ಬೀಜ ಎರಚುವುದೂ ಬೇಡ, ಹುಲ್ಲು ಮೊದಲು ನೀರು ಕುಡಿಯುತ್ತದೆ. ಕಡಿದಾದ ಇಳಿಜಾರಿಗೆ ಒಣಹುಲ್ಲು ತೆಳುವಾಗಿ ಹೊದಿಸಿದರೆ ಸಾಕು.

ಕಾಯಿ 8–15 ಸೆಂ.ಮೀ. ಇದ್ದರೆ ಅದು ಪಾಂಡೆರೋಸಾ ಪೈನ್ ಇರಬಹುದು. ಇದು ಬೀಜ ಕೂಡಿಡುವ ಜಾತಿಯಲ್ಲ, ಹಾಗಾಗಿ ಬದುಕುಳಿದ ತಾಯಿಮರವೇ ಗತಿ. ಆ ಮರದಿಂದ ಸುಮಾರು 60 ಮೀಟರಿನೊಳಗೆ ಸಸಿ ತಾನಾಗಿ ಏಳಲೆಂದು ಕಾಯಬಹುದು. 200 ಮೀಟರ್ ದಾಟಿದ ಬಯಲಿನಲ್ಲಿ ನೆಡುವುದೇ ಸರಿ.

ಹಿಂದಿನ ಬೆಂಕಿ ಯಾವಾಗ ಬಿದ್ದಿತ್ತೆಂದೂ ವಿಚಾರಿಸಿ. ಎಳೆಯ ಲಾಡ್ಜ್‌ಪೋಲ್‌ಗಳು ಮೊದಮೊದಲು ತೆರೆದ ಕಾಯಿಯನ್ನೇ ಬಿಡುತ್ತವೆ. ಇಪ್ಪತ್ತು ವರ್ಷ ತುಂಬುವ ಮೊದಲೇ ಕಾಡು ಮತ್ತೆ ಸುಟ್ಟಿದ್ದರೆ ಮೇಲಿನಿಂದ ಉದುರಲು ಬೀಜವೇ ಇರುವುದಿಲ್ಲ. ಅಂಥಲ್ಲಿ ಬೇಸಿಗೆ ಕಾಯದೆ ಸಸಿಗೆ ಹೇಳಿಡಿ.