ಹಾಕ್ ಮೌಂಟನ್‌ನಲ್ಲಿ ಹದ್ದು ಎಣಿಸಿದ್ದು

"ಹದ್ದು ಎಣಿಸೋಕೆ ಎರಡು ಗಂಟೆ ಡ್ರೈವ್ ಮಾಡ್ತೀರಾ?" ಅಂತ ಹೆಂಡತಿ ಕೇಳಿದ್ದಳು. ನ್ಯೂಜೆರ್ಸಿಯ ನಮ್ಮ ಮನೆಯಿಂದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್‌ಗೆ ಅಷ್ಟು ಹೊತ್ತು ಬೇಕು. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಟ್ಟವಳೂ ಅವಳೇ.

ಕಾರು ನಿಲ್ಲಿಸಿ ಕಲ್ಲಿನ ಕಾಲುದಾರಿಯಲ್ಲಿ ಹತ್ತಿದರೆ ನಾರ್ತ್ ಲುಕ್‌ಔಟ್ ಎಂಬ ಬಂಡೆಗಳ ವೀಕ್ಷಣಾ ತಾಣ. ಎತ್ತರ 1,521 ಅಡಿ, ಅಷ್ಟೇ. ನಮ್ಮ ಮುಳ್ಳಯ್ಯನಗಿರಿ ನೋಡಿದವರಿಗೆ ಇದು ಗುಡ್ಡ. ಆದರೆ ಈ ಬೆಟ್ಟಸಾಲು ಉದ್ದಕ್ಕೆ ಗೋಡೆಯ ಹಾಗೆ ನಿಂತಿದೆ. ವಾಯವ್ಯದ ಗಾಳಿ ಅದಕ್ಕೆ ಬಡಿದು ಮೇಲೇಳುತ್ತದೆ. ಚಳಿಗಾಲಕ್ಕೆ ಮುಂಚೆ ದಕ್ಷಿಣಕ್ಕೆ ವಲಸೆ ಹೊರಟ ಹದ್ದು, ಗಿಡುಗಗಳು ಆ ಗಾಳಿಯ ಮೇಲೆ ರೆಕ್ಕೆ ಬಡಿಯದೆ ಸಾಗುತ್ತವೆ. ಹಿಂದೆ ಬೇಟೆಗಾರರು ಇದೇ ಬಂಡೆಗಳ ಮೇಲೆ ಕೂತು ಅವನ್ನು ಸುಮ್ನೆ ಹೊಡೆದುರುಳಿಸುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ಬೆಟ್ಟವನ್ನೇ ಗುತ್ತಿಗೆಗೆ ಪಡೆದು ಬಂದೂಕು ನಿಲ್ಲಿಸಿದರು. ಆ ವರ್ಷವೇ, ಅವರು ಕಾವಲಿಗೆ ನೇಮಿಸಿದ ಮಾರಿಸ್ ಬ್ರೌನ್ ಎಣಿಕೆ ಶುರು ಮಾಡಿದರು.

ಅಧಿಕೃತವಾಗಿ ಎಣಿಸುವವರು ಬೇರೆ ಇರುತ್ತಾರೆ. ನಾನು ಪಕ್ಕದಲ್ಲಿ ಕೂತು ಹಕ್ಕಿ ಹುಡುಕಿಕೊಡುವವನು. ಜತೆಗೆ ನನ್ನ ನೋಟ್‌ಬುಕ್ಕಿನಲ್ಲಿ ನನ್ನದೇ ಲೆಕ್ಕ.

ಮೊದಲ ದಿನವೇ ಎಡವಟ್ಟು. ಸೆಪ್ಟೆಂಬರ್ ಮಧ್ಯದಲ್ಲಿ ಬ್ರಾಡ್-ವಿಂಗ್ಡ್ ಹಾಕ್ ಎಂಬ ಗಿಡುಗಗಳು ಬಿಸಿಗಾಳಿ ಏಳುವ ಕಡೆ ಗುಂಪಾಗಿ ಸುತ್ತುತ್ತಾ ಮೇಲೇರುತ್ತವೆ. ಇಲ್ಲಿ ಅದಕ್ಕೆ ಕೆಟಲ್ ಅಂತಾರೆ. ನಾನು ಸುತ್ತುವಾಗಲೇ ಎಣಿಸಿ 140 ಬರೆದೆ. ಪಕ್ಕದ ಹಿರಿಯರ ಲೆಕ್ಕ 96. ಅವರು ಅಲ್ಲಿಯವರೆಗೆ ಬೈನಾಕ್ಯುಲರ್ ಹಿಡಿದು ತೆಪ್ಪಗಿದ್ದರು. ಹಕ್ಕಿಗಳು ತುದಿ ಮುಟ್ಟಿ, ಒಂದರ ಹಿಂದೊಂದು ದಕ್ಷಿಣಕ್ಕೆ ಜಾರತೊಡಗಿದಾಗ ಮಾತ್ರ ಕೈಯಲ್ಲಿದ್ದ ಕ್ಲಿಕ್ಕರ್ ಒತ್ತಿದರು. ನಾನು ಒಂದೇ ಹಕ್ಕಿಯನ್ನು ಎರಡೆರಡು ಸಲ ಎಣಿಸಿದ್ದೆ.

ಗುರುತಿಸುವುದು ಬಣ್ಣದಿಂದಲ್ಲ, ಹಾರುವ ರೀತಿಯಿಂದ. ಟರ್ಕಿ ವಲ್ಚರ್ ಎಂಬ ರಣಹದ್ದು ರೆಕ್ಕೆ ಮೇಲೆತ್ತಿ ತೂರಾಡುತ್ತದೆ. ಬಾಲ್ಡ್ ಈಗಲ್‌ನ ರೆಕ್ಕೆ ಹಲಗೆಯ ಹಾಗೆ ನೆಟ್ಟಗೆ. ಶಾರ್ಪ್-ಶಿನ್ಡ್ ಹಾಕ್ ನಾಲ್ಕಾರು ಸಲ ಪಟಪಟ ಬಡಿದು ಒಂದಿಷ್ಟು ಜಾರುತ್ತದೆ. ಬಂಡೆಯ ಬಳಿ ಕೋಲಿಗೆ ಪ್ಲಾಸ್ಟಿಕ್ ಗೂಬೆ ಸಿಕ್ಕಿಸಿರುತ್ತಾರೆ. ಈ ಪುಟಾಣಿ ಗಿಡುಗ ಅದರ ಮೇಲೆ ಎರಗುವಾಗ ನಮ್ಮ ತಲೆಯೂ ತಾನಾಗಿ ಬಗ್ಗುತ್ತದೆ! ಇನ್ನೊಂದು ಮಾತು: ನೀಲಿ ಆಕಾಶ ಕಂಡು ಖುಷಿಪಡಬೇಡಿ. ಮೋಡದ ಹಿನ್ನೆಲೆ ಇಲ್ಲದಿದ್ದರೆ ಎತ್ತರದ ಹಕ್ಕಿ ಕಣ್ಣಿಗೇ ಸಿಗಲ್ಲ.

ಗಂಟೆಗೊಮ್ಮೆ ಗಾಳಿ, ಉಷ್ಣಾಂಶ, ಮೋಡ ಬರೆಯಬೇಕು. ಏನೂ ಬರದಿದ್ದರೆ ಸೊನ್ನೆಯನ್ನೂ ಬರೆಯಬೇಕು. ಮೊದಮೊದಲು ಇದು ಬೋರು. ಆಮೇಲೆ ಹಳೆಯ ಅಂಕಿ ನೋಡಿದೆ. 1935ರಿಂದ 39ರವರೆಗೆ ಇಲ್ಲಿ ಕಂಡ ಬಾಲ್ಡ್ ಈಗಲ್‌ಗಳಲ್ಲಿ ಶೇ. 40 ಎಳೆಯವು. 1955ರಿಂದ 59ರಲ್ಲಿ ಶೇ. 20. ಡಿಡಿಟಿ ಕೀಟನಾಶಕದಿಂದ ಹದ್ದುಗಳಿಗೆ ಮರಿಗಳಾಗುತ್ತಿಲ್ಲ ಎಂಬ ವಾದಕ್ಕೆ ಈ ಲೆಕ್ಕವೂ ಆಧಾರವಾಯಿತು. ಅವತ್ತು ಯಾರಾದರೂ ಆಸೆಗೆ ಬಿದ್ದು ನಾಲ್ಕು ಜಾಸ್ತಿ ಬರೆದಿದ್ದರೆ?

ನವೆಂಬರ್‌ನಲ್ಲಿ ಗೋಲ್ಡನ್ ಈಗಲ್ ಆಸೆ ಎಲ್ಲರಿಗೂ ಇರುತ್ತದೆ. ಎಳೆಯ ಬಾಲ್ಡ್ ಈಗಲ್ ಕೂಡ ಅದರ ಹಾಗೆ ಕಂದು ಬಣ್ಣದ್ದೇ, ಮೋಸ ಹೋಗುವುದು ಸುಲಭ. ಕಂಕುಳಲ್ಲಿ ಬಿಳಿ ಇದ್ದರೆ ಬಾಲ್ಡ್. ಬಾಲದ ಬುಡದಲ್ಲಿ ಅಚ್ಚ ಬಿಳಿ ಇದ್ದರೆ ಎಳೆಯ ಗೋಲ್ಡನ್. ಕಳೆದ ಸಲ ಸಂಜೆ ನಾಲ್ಕರ ಹೊತ್ತಿಗೆ ದೊಡ್ಡದೊಂದು ಬಂತು. ಬೆಳಕು ಹಿಂದಿನಿಂದ, ಹಕ್ಕಿ ಪೂರ್ತಿ ಕಪ್ಪು. ಕೈ ಮರಗಟ್ಟಿ ಫೋಕಸ್ ತಿರುಗಿಸಲಾಗಲಿಲ್ಲ. ಗೋಲ್ಡನ್ನೇ ಅಂತ ಮನಸ್ಸು ಹೇಳುತ್ತಿತ್ತು. ಹಿರಿಯರ ಕಡೆ ನೋಡಿದೆ. ಅವರು ಭುಜ ಕುಣಿಸಿದರು.

"ದೊಡ್ಡ ಹದ್ದು, ಗುರುತು ಸಿಗಲಿಲ್ಲ: 1" ಎಂದು ಬರೆದು ಪೆನ್ಸಿಲ್ ಜೇಬಿಗೆ ಹಾಕಿದೆ.