ಲಗ್ನಪತ್ರಿಕೆಯ ಹಿಂದೆ ಇಂಗ್ಲಿಷ್: ನನ್ನ ಅನುಭವ

"ಮೇಷ್ಟ್ರು ಮಕ್ಕಳಿಗೆ ಇಸ್ಪೀಟ್ ಕಲಿಸ್ತಾವ್ರೆ" ಅಂತ ಒಬ್ಬರು ಮಗನನ್ನು ನನ್ನ ಟ್ಯೂಷನ್ನಿನಿಂದ ಬಿಡಿಸಿಕೊಂಡು ಹೋದರು. ಅವರದೂ ತಪ್ಪಿಲ್ಲ. ಬೆಳಗ್ಗೆ ಆರೂವರೆಗೆ ಬಂದು ಬಾಗಿಲಲ್ಲಿ ಇಣುಕಿದವರಿಗೆ ಕಂಡದ್ದು ಚಾಪೆ ಮೇಲೆ ನಾಲ್ಕು ನಾಲ್ಕು ಜನ ಕೂತು ಕೈಯಲ್ಲಿ ಎಲೆ ಹಿಡಿದ ಮಕ್ಕಳು. ಒಬ್ಬ "ತಪ್ಪು, ಕೆಳಗಿಳಿಸು" ಅಂತ ಕೂಗುತ್ತಿದ್ದ. ಯಾರಿಗಾದರೂ ಅನುಮಾನ ಬರುತ್ತೆ. ಆ ಎಲೆಗಳು ಇಂಗ್ಲಿಷ್ ಪದ ಕಲಿಯುವ ಕಾರ್ಡು.

ನಾನು ಮಂಡ್ಯದ ಕಲ್ಲಹಳ್ಳಿಯಲ್ಲಿ ಎಂಟರಿಂದ ಹತ್ತನೇ ಕ್ಲಾಸಿನ ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬಸರಾಳು, ಕೆರಗೋಡು ಕಡೆಯಿಂದಲೂ ಬಸ್ಸಿನಲ್ಲಿ ಬರುತ್ತಾರೆ. ಗ್ರಾಮರ್ ಹೇಗೋ ಉರುಳುತ್ತದೆ. ನಿಲ್ಲುವುದು ಪದಗಳಲ್ಲಿ.

ಹನ್ನೊಂದು ವರ್ಷ ಎಲ್ಲರಂತೆ ನಾನೂ ದಿನಕ್ಕೆ ಹತ್ತು ಪದ ಕೊಟ್ಟೆ, ಐದೈದು ಸಲ ಬರೆಸಿದೆ, ಶನಿವಾರ ಡಿಕ್ಟೇಷನ್ ಮಾಡಿದೆ. ಶನಿವಾರ ಹತ್ತಕ್ಕೆ ಒಂಬತ್ತು. ಮುಂದಿನ ಗುರುವಾರ ಅದೇ ಪದ ಹೇಳದೇ ಕೇಳದೇ ಕೊಟ್ಟರೆ ಹತ್ತಕ್ಕೆ ಮೂರು ಬಂದರೆ ಪುಣ್ಯ. ಮಕ್ಕಳು ದಡ್ಡರು ಅಂತ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ನನಗೆ ನಾನೇ ಪರೀಕ್ಷೆ ಕೊಟ್ಟುಕೊಂಡೆ, ನಿಘಂಟಿನಿಂದ ಗೊತ್ತಿಲ್ಲದ ಹತ್ತು ಪದ ಆರಿಸಿ. ನನ್ನದೂ ಮೂರೇ.

ಅಲ್ಲಿಂದ ದುಡ್ಡು ಕಳೆಯುವ ಕಾಲ ಶುರು. ಮೊದಲು ಪದಗಳ ಸಾವಿರ ಕಾರ್ಡು ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದೆ. ಹತ್ತಿರ ಹತ್ತಿರ 4,800 ರೂಪಾಯಿ. ಟ್ಯೂಬ್‌ಲೈಟ್ ಬೆಳಕಿಗೆ ಫಳಫಳ ಹೊಳೆದು ಅಕ್ಷರವೇ ಕಾಣುತ್ತಿರಲಿಲ್ಲ. ಮೇಲೆ ಪೆನ್ನೂ ಹಿಡಿಯುತ್ತಿರಲಿಲ್ಲ. ಆಮೇಲೆ ಸೆಕೆಂಡ್‌ಹ್ಯಾಂಡ್ ಟ್ಯಾಬ್ ಒಂದು, 6,500 ಇರಬೇಕು. ಅದರಲ್ಲಿ ಆಂಕಿ ಹಾಕಿದೆ, ಇಂಥ ಕಾರ್ಡುಗಳನ್ನು ಸ್ಕ್ರೀನಿನಲ್ಲಿ ತೋರಿಸಿ ನೆನಪು ಮಾಡಿಸುವ ಆಪ್. ಆಪ್ ಚೆನ್ನಾಗಿದೆ, ಆಂಡ್ರಾಯ್ಡಿಗೆ ಪುಕ್ಕಟೆ. ಆದರೆ ಒಂದು ಟ್ಯಾಬು, ಇಪ್ಪತ್ತೆರಡು ಮಕ್ಕಳು. ಮನೆಯಲ್ಲಿ ಫೋನ್ ಇದೆಯಲ್ಲ ಅಂದರೆ, ಆ ಫೋನು ಅಪ್ಪನ ಜೇಬಲ್ಲಿ ಗದ್ದೆಗೆ ಹೋಗಿರುತ್ತದೆ. ರಾತ್ರಿ ಬಂದರೆ ಚಾರ್ಜ್ ಇರಲ್ಲ. ನನ್ನ ಹೆಂಡತಿ ಈ ಲೆಕ್ಕವನ್ನೆಲ್ಲ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಾಳೆ, ಈಗಲೂ ತೋರಿಸುತ್ತಾಳೆ.

ಕೊನೆಗೆ ಕೆಲಸಕ್ಕೆ ಬಂದದ್ದು ಲಗ್ನಪತ್ರಿಕೆ. ದಪ್ಪ ಕಾಗದ, ಹಿಂದೆ ಖಾಲಿ, ಒಂದರಲ್ಲಿ ನಾಲ್ಕು ಕಾರ್ಡು. ನಮ್ಮಮ್ಮ ಮಾತ್ರ "ಲಗ್ನಪತ್ರಿಕೆಗೆ ಕತ್ತರಿ ಹಾಕ್ತಾರೇನ್ಲಾ?" ಅಂತ ಎರಡು ದಿನ ಮಾತು ಬಿಟ್ಟಿದ್ದರು. ಈಗ ದೇವರ ಚಿತ್ರ ಇರುವ ಭಾಗ ಕತ್ತರಿಸಿ ಅವರ ಕೈಗೇ ಕೊಡುತ್ತೇನೆ. ಮಿರಿಮಿರಿ ಮಿಂಚುವ ದುಬಾರಿ ಪತ್ರಿಕೆ ಬೇಡ, ಇಂಕು ಹರಡುತ್ತದೆ. ಬಡವರ ಮನೆ ಮದುವೆಯದೇ ಬೆಸ್ಟು. ಡಬ್ಬಕ್ಕೆ ಖಾಲಿ ಸ್ವೀಟ್ ಬಾಕ್ಸ್. ರಬ್ಬರ್‌ಬ್ಯಾಂಡ್, ಪೆನ್ನು, ಎಲ್ಲ ಸೇರಿ ಇಡೀ ಬ್ಯಾಚಿಗೆ ವರ್ಷಕ್ಕೆ 300, 350 ದಾಟಿಲ್ಲ.

ಒಬ್ಬೊಬ್ಬರಿಗೆ ಐದು ಡಬ್ಬ. ಹೊಸ ಕಾರ್ಡು ಮೊದಲನೆಯದಕ್ಕೆ, ಅದನ್ನು ದಿನಾ ನೋಡಬೇಕು. ಸರಿ ಹೇಳಿದರೆ ಮುಂದಿನ ಡಬ್ಬ: ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ. ಎಲ್ಲೇ ತಪ್ಪಿದರೂ ಸೀದಾ ಮೊದಲನೆಯದಕ್ಕೆ. ಇದು ನಾನು ಕಂಡುಹಿಡಿದದ್ದಲ್ಲ. ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಜರ್ಮನ್ 1970ರ ದಶಕದಲ್ಲಿ ಹೇಳಿದ್ದು. ಡಬ್ಬದ ಉಪಾಯ ಅವನದು, ಹೆಸರು ನಮ್ಮ ಹುಡುಗರದು: ಒಟ್ಲು (ಸಸಿ ಮಡಿ), ನಾಟಿ, ಕಳೆ, ಕುಯ್ಲು, ಕಣಜ. "ನಂದು ಕಣಜದಿಂದ ಒಟ್ಲಿಗೆ ಬಿತ್ತು ಸಾ" ಅಂತ ಹುಡುಗಿಯೊಬ್ಬಳು ಅಳುಮೋರೆ ಮಾಡಿದ ದಿನ, ಇದು ಹತ್ತಿತು ಅಂತ ನನಗೆ ಗೊತ್ತಾಯಿತು.

ಡಬ್ಬ ಸಲೀಸು. ಕಾರ್ಡಿನಲ್ಲಿ ಏನು ಬರೆಯಬೇಕು ಅನ್ನುವುದರಲ್ಲೇ ನಾನು ಒಂದು ವರ್ಷ ಕಳೆದೆ. ಮೊದಲು ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಕನ್ನಡ ಅರ್ಥ ಬರೆಸಿದ್ದೆ. "ರನ್" ಅಂದರೆ ಓಡು. ಪಾಠದಲ್ಲಿ "ಮೈ ಫಾದರ್ ರನ್ಸ್ ಎ ಶಾಪ್" ಬಂದಾಗ ಒಬ್ಬ "ನಮ್ಮಪ್ಪ ಅಂಗಡಿ ಓಡ್ತಾರೆ" ಅಂದ. ಅವನ ಕಾರ್ಡು ಸರಿಯಾಗೇ ಇತ್ತು! ಆಗ ಒಂಟಿ ಪದ ನಿಲ್ಲಿಸಿದೆ. ಈಗ ಮುಂದೆ ಕನ್ನಡ ವಾಕ್ಯ, "ನಮ್ಮಪ್ಪ ಅಂಗಡಿ ನಡೆಸುತ್ತಾರೆ". ಹಿಂದೆ ಇಂಗ್ಲಿಷ್. ಕನ್ನಡ ನೋಡಿ ಇಂಗ್ಲಿಷ್ ಬಾಯಲ್ಲಿ ಹೇಳಬೇಕು, ಆಮೇಲೆ ತಿರುಗಿಸಿ ನೋಡಬೇಕು. ಇಂಗ್ಲಿಷ್ ನೋಡಿ "ಹೂಂ, ಗೊತ್ತು" ಅನ್ನುವುದು ಲೆಕ್ಕಕ್ಕಿಲ್ಲ. ವಾಕ್ಯ ಅವರ ಮನೆಯದೇ ಆಗಿರಬೇಕು, ಅಕ್ಷರವೂ ಅವರದೇ. ನಾನು ದುಂಡಗೆ ಬರೆದುಕೊಟ್ಟ ಕಾರ್ಡುಗಳು ಒಟ್ಲು ಬಿಟ್ಟು ಮೇಲೇಳಲೇ ಇಲ್ಲ.

ಇನ್ನೊಂದು ದೊಡ್ಡ ಪೆಟ್ಟು ಬಿದ್ದದ್ದು "ಬಾರೋ" (ಸಾಲ ತಗೊಳ್ಳೋದು) ಮತ್ತು "ಲೆಂಡ್" (ಸಾಲ ಕೊಡೋದು) ಒಂದೇ ದಿನ ಕೊಟ್ಟಾಗ. ಜೋಡಿಯಾಗಿ ಕೊಟ್ಟರೆ ಸುಲಭ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? ಉಲ್ಟಾ ಆಯಿತು. ಸಾಲ ಕೊಟ್ಟವನು ಯಾರು, ತೆಗೆದುಕೊಂಡವನು ಯಾರು ಅಂತ ತಿಂಗಳುಗಟ್ಟಲೆ ಗೊಂದಲ. ಸಾಲದ ವಿಷಯದಲ್ಲಿ ಮಂಡ್ಯದ ಮಕ್ಕಳಿಗೇ ಗೊಂದಲ ಆದರೆ ಏನು ಹೇಳುವುದು! ಮುಂದಿನ ಬ್ಯಾಚಿಗೆ ಮೊದಲು "ಬಾರೋ" ಮಾತ್ರ ಕೊಟ್ಟೆ. ಅದು ಕಳೆ ಡಬ್ಬ ದಾಟಿದ ಮೇಲೆ "ಲೆಂಡ್". ತಪ್ಪು ಕಾಲು ಭಾಗಕ್ಕೆ ಇಳಿಯಿತು. "ಟೀಚ್", "ಲರ್ನ್" ಕೂಡ ಹಾಗೇ.

ಸ್ಪೆಲಿಂಗಿಗೆ ನನ್ನ ಉಪಾಯ ಒರಟು. ಬರೆದ ಹಾಗೇ ಓದಿಸುತ್ತೇನೆ. "ಕ್ನೈಫ್", "ವೆಡ್ನೆಸ್‌ಡೇ", "ಲಿಸ್ಟೆನ್". ನಗು ಬರುತ್ತದೆ, ಅಕ್ಷರ ಉಳಿಯುತ್ತದೆ. ಮಾತಾಡುವಾಗ ಸರಿಯಾದದ್ದೇ ಹೇಳಬೇಕು ಅಂತ ಕಟ್ಟುನಿಟ್ಟು.

ಮಧ್ಯೆ ಒಂದೆರಡು ಆಟಗಳನ್ನೂ ಆಡಿದೆ. ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಬರಲ್ಲ ಅನ್ನುವವರು ಕಬ್ಬು ಲೋಡ್ ಮಾಡುವ ಕಡೆ ಹೋಗಿ ನಿಲ್ಲಬೇಕು. ಲೋಡ್, ಅನ್‌ಲೋಡ್, ಓವರ್‌ಲೋಡ್, ಅಡ್ವಾನ್ಸ್, ಬ್ಯಾಲೆನ್ಸ್, ಪೆಂಡಿಂಗ್. ಮನೆಯಿಂದ ಇಂಥ ಪದ ತರಲು ಹೇಳಿದೆ. ಒಂದು ವಾರದಲ್ಲಿ ಇನ್ನೂರರ ಮೇಲೆ ಬಂತು. "ಅನ್‌ಲೋಡ್" ಹಿಡಿದು "ಅನ್‌ಟೈ", "ಅನ್‌ಲಾಕ್". "ರೀಚಾರ್ಜ್" ಹಿಡಿದು "ರೀರೈಟ್", "ರೀಬಿಲ್ಡ್". ಪಂಪ್‌ಸೆಟ್ಟಿನ "ಸ್ಟಾರ್ಟರ್" ಹಿಡಿದು "ಟೀಚರ್", "ಡ್ರೈವರ್", "ಸಿಂಗರ್" ಅಂತ ಜೋರಾಗಿ ಹೋಗುತ್ತಿದ್ದೆ. ಅಷ್ಟರಲ್ಲಿ ಒಬ್ಬಳು "ಮೈ ಮದರ್ ಈಸ್ ಎ ಗುಡ್ ಕುಕರ್" ಅಂದಳು. ಅಡುಗೆ ಮಾಡುವವರು ಕುಕ್, ಕುಕರ್ ಅಂದರೆ ಪಾತ್ರೆ ಅಂತ ಬಿಡಿಸಿ ಹೇಳುವಷ್ಟರಲ್ಲಿ ಇಡೀ ಕ್ಲಾಸು ಸೀಟಿ ಹೊಡೆಯುತ್ತಿತ್ತು.

ಇನ್ನೊಂದು ದಿನ ಸಕ್ಕರೆ ಕಥೆ. 1933ರಲ್ಲಿ ಹುಟ್ಟಿದ ಮೈಷುಗರ್ ಸಕ್ಕರೆ ಕಾರ್ಖಾನೆ ಇರುವ ಊರಲ್ಲಿ ಇದನ್ನು ಹೇಳದೇ ಇರಲು ಆಗಲಿಲ್ಲ. ಇಂಗ್ಲಿಷಿನ "ಶುಗರ್" ಸಂಸ್ಕೃತದ ಶರ್ಕರದಿಂದ ಪರ್ಷಿಯನ್, ಅರಬ್ಬಿ ಸುತ್ತಿಕೊಂಡು ಹೋದದ್ದು. ಬೆಲ್ಲಕ್ಕೆ ಹೇಳುವ "ಜಾಗರಿ" ಕೂಡ ಅದೇ ಬೇರಿನದು, ನಮ್ಮ ಕಡೆಯಿಂದಲೇ ಪೋರ್ಚುಗೀಸರ ಬಾಯಿಗೆ ಹೋಗಿ ಇಂಗ್ಲಿಷ್ ಸೇರಿತು. "ಕ್ಯಾಂಡಿ" ಬಂದದ್ದು ಸಕ್ಕರೆ ತುಂಡಿಗೆ ಹೇಳುವ ಸಂಸ್ಕೃತದ "ಖಂಡ"ದಿಂದ. ಪರೀಕ್ಷೆಗೆ ಇದರಿಂದ ಏನೂ ಲಾಭವಿಲ್ಲ. ಆದರೆ ಅಪ್ಪನ ಆಲೆಮನೆ ಇರುವ ಹುಡುಗ ಅವತ್ತು ಮೊದಲ ಸಲ ಮುಂದಿನ ಸಾಲಿಗೆ ಬಂದು ಕೂತ.

ಕ್ರಿಕೆಟ್ ಕಾಮೆಂಟ್ರಿ ಕೇಳಿಸಿ ಪದ ಬರೆಸುವುದನ್ನೂ ನೋಡಿದೆ. ಸ್ಕೋರ್ ಮಾತ್ರ ಬರೆದರು.

ಲೆಕ್ಕ ಹೇಳುತ್ತೇನೆ, ನೆನಪಿನಿಂದ. ಜೂನ್‌ನಲ್ಲಿ ಇಪ್ಪತ್ತೆರಡು ಮಕ್ಕಳು, ಕೊನೆಗೆ ಉಳಿದವರು ಹತ್ತೊಂಬತ್ತು. ದಿನಕ್ಕೆ ಆರೇ ಹೊಸ ಕಾರ್ಡು, ಹತ್ತಲ್ಲ. ಫೆಬ್ರುವರಿ ಹೊತ್ತಿಗೆ ಒಬ್ಬೊಬ್ಬರ ಹತ್ತಿರ ಏಳೆಂಟು ನೂರು. ಕಣ್ಣು ಮುಚ್ಚಿ ಐವತ್ತು ಎತ್ತಿ ಕೇಳಿದರೆ ಮೂವತ್ತೆಂಟು, ನಲವತ್ತು ಸರಿ. ಹಳೇ ಪದ್ಧತಿಯಲ್ಲಿ ಹದಿನೈದು ದಾಟುತ್ತಿರಲಿಲ್ಲ. ಇಬ್ಬರು ಮಾತ್ರ ಏನು ಮಾಡಿದರೂ ಡಬ್ಬ ಮುಟ್ಟಲಿಲ್ಲ, ಅದನ್ನೂ ಹೇಳಬೇಕು. ಕಣಜ ದಾಟಿದ ಕಾರ್ಡನ್ನು ನಾನು ಏನು ಮಾಡುತ್ತೇನೆ, ಅದಕ್ಕಾಗಿ ಮಕ್ಕಳು ಯಾಕೆ ಅಷ್ಟು ಹೊಡೆದಾಡುತ್ತಾರೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು ನೋಡಿ.

ಪಕ್ಕದ ಬೀದಿಯ ಟ್ಯೂಷನ್ ಮೇಷ್ಟ್ರು ಮೊದಲ ವರ್ಷ "ಸುಮ್ನೆ ಕಾಲಹರಣ" ಅಂದಿದ್ದರು. ಜನವರಿಯಲ್ಲಿ ಬಂದು ಕಾಫಿ ಕುಡಿದು, ಡಬ್ಬ ಎಷ್ಟು ಅಗಲ ಅಂತ ಕೇಳಿದರು. ಈಗ ಛತ್ರದ ಹತ್ತಿರ ಹೋದರೆ ಮಿಕ್ಕ ಪತ್ರಿಕೆಗಳನ್ನು ಅವರು ಆಗಲೇ ಒಯ್ದಿರುತ್ತಾರೆ. ಸ್ಕೂಲು ಶುರುವಾದ ಹಿಂದೆಯೇ ಆಷಾಢ, ಮದುವೆಗಳೇ ಇರಲ್ಲ. ಈ ಸಲ ಅದಕ್ಕೇ ಮೇ ತಿಂಗಳಲ್ಲೇ ಎರಡು ಗೋಣಿಚೀಲ ತುಂಬಿಸಿ ಅಟ್ಟದ ಮೇಲೆ ಇಟ್ಟಿದ್ದೇನೆ.