ತಳಿಗೆ ಉಳಿಸಿಕೊಳ್ಳುವ ಹೆಣ್ಣು ಹಂದಿಗೆ ತೌಡು, ಹೊಟ್ಟು, ಹಿಂಡಿ: ನನ್ನ ಅನುಭವ

ತೀರ್ಥಹಳ್ಳಿ ಕಡೆ ನಮ್ಮಂಥ ಸಣ್ಣ ಹಂದಿ ಸಾಕಣೆದಾರರು ಮಿಲ್ಲಿನಲ್ಲಿ ಉಳಿಯುವುದನ್ನೇ ನಂಬಿಕೊಂಡಿದ್ದೇವೆ. ತೌಡು, ನುಚ್ಚು, ಗೋಧಿ ಬೂಸಾ, ಮೆಕ್ಕೆಜೋಳದ ಹೊಟ್ಟು, ಹಿಂಡಿ. ಪೂರ್ತಿ ಕಂಪನಿ ಫೀಡ್ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಮಾಂಸಕ್ಕೆ ಬೆಳೆಸುವ ಹಂದಿಗೆ ಇದು ಹೇಗೋ ನಡೆಯುತ್ತದೆ. ಆದರೆ ತಳಿಗೆ ಅಂತ ಉಳಿಸಿಕೊಂಡ ಹೆಣ್ಣು ಮರಿಗಳಿಗೆ ನಾನು ಬೇರೆಯೇ ಬಾನಿ ಇಟ್ಟಿದ್ದೇನೆ.

ಕಾರಣ ಬೂಷ್ಟು. ಶಿಕಾರಿಪುರ, ಸೊರಬದ ಮೆಕ್ಕೆಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಮಳೆ ಹಿಡಿದುಕೊಂಡರೆ ತೆನೆಯಲ್ಲೇ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೆಳೆಯುತ್ತದೆ. ಅದು ಬಿಡುವ ಜಿಯರಲೆನೋನ್ ಎಂಬ ವಿಷ ಹಂದಿಯ ಮೈಯಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಹಾಗೇ ಕೆಲಸ ಮಾಡುತ್ತದೆ. ಎಳೇ ಹೆಣ್ಣು ಹಂದಿಗೆ ಇದರ ಪೆಟ್ಟು ಎಲ್ಲಕ್ಕಿಂತ ಜಾಸ್ತಿ.

ಪಕ್ಕದೂರಿನ ಅಕ್ಕ ಒಬ್ಬರು ಫೋನ್ ಮಾಡಿ, "ಮೂರು ತಿಂಗಳ ಮರಿ ಆಗಲೇ ಬೆದೆಗೆ ಬಂದಿದೆ ಮಾರಾಯ್ರೆ" ಎಂದರು. ಹೋಗಿ ನೋಡಿದೆ. ಯೋನಿ ಊದಿ ಕೆಂಪಾಗಿತ್ತು, ಮೊಲೆತೊಟ್ಟು ದಪ್ಪವಾಗಿತ್ತು. ಆದರೆ ಬೆನ್ನು ಒತ್ತಿದಾಗ ನಿಲ್ಲದೆ ಓಡಿತು. ನಿಜವಾದ ಬೆದೆಯಲ್ಲಿ ಹಂದಿ ಅಲುಗದೆ ನಿಲ್ಲುತ್ತದೆ, ಅಲ್ವಾ? "ಇದು ಬೆದೆ ಅಲ್ಲ ಅಕ್ಕಾ, ಜೋಳದ ಹೊಟ್ಟು ನಿಲ್ಲಿಸಿ ನೋಡಿ" ಎಂದೆ. ಕೆಲವು ವಾರಗಳಲ್ಲಿ ಊತ ಇಳಿಯಿತು.

ಪ್ರಾಯಕ್ಕೆ ಬಂದ ಹಂದಿಯಲ್ಲಿ ತೊಂದರೆ ಕಣ್ಣಿಗೇ ಕಾಣುವುದಿಲ್ಲ. 21 ದಿನಕ್ಕೊಮ್ಮೆ ಬರಬೇಕಾದ ಬೆದೆ ನಿಂತುಹೋಗುತ್ತದೆ. ಗಬ್ಬ ಕಟ್ಟಿತು ಅಂತ ನಾವು 114 ದಿನ ಕಾಯುತ್ತಾ ಕೂರುತ್ತೇವೆ. ಹೊಟ್ಟೆಯಲ್ಲಿ ಮರಿಯೇ ಇರುವುದಿಲ್ಲ.

ಬೇಯಿಸಿ ಹಾಕಿದರೆ ವಿಷ ಹೋಗುತ್ತದೆ ಎಂದು ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಹೋಗುವುದಿಲ್ಲ, ಅದು ಕುದಿಯುವ ಬಿಸಿಯನ್ನೂ ತಡೆಯುತ್ತದೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ ಬೆರೆಸಿದರೂ ಅದು ಹಿಡಿಯುವುದು ಮುಖ್ಯವಾಗಿ ಶೇಂಗಾ ಹಿಂಡಿಯಲ್ಲಿ ಬರುವ ಅಫ್ಲಾಟಾಕ್ಸಿನ್ ಎಂಬ ಬೇರೊಂದು ಬೂಷ್ಟಿನ ವಿಷವನ್ನು, ಇದನ್ನಲ್ಲ. ಕಾಳಿನ ಒಳಭಾಗಕ್ಕಿಂತ ಹೊಟ್ಟಿನಲ್ಲೇ ಈ ವಿಷ ಜಾಸ್ತಿ. ಎಥನಾಲ್ ತೆಗೆದ ಮೇಲೆ ಉಳಿಯುವ ಒಣ ಗಸಿಯಲ್ಲಿ ಪಿಷ್ಟ ಹೋಗಿರುವುದರಿಂದ ಜೋಳದಲ್ಲಿದ್ದದ್ದು ಸುಮಾರು ಮೂರು ಪಟ್ಟಾಗಿರುತ್ತದೆ. ಯುರೋಪಿನಲ್ಲಿ ದೊಡ್ಡ ಹೆಣ್ಣು ಹಂದಿಯ ಮೇವಿಗೆ ಕೆಜಿಗೆ 0.25 ಮಿಲಿಗ್ರಾಂ ಮಿತಿ ಹೇಳಿದ್ದರೆ, ಮರಿಗಳಿಗೆ ಮತ್ತು ಇನ್ನೂ ಮರಿ ಹಾಕದ ಹೆಣ್ಣು ಹಂದಿಗೆ 0.1 ಮಾತ್ರ.

ಹಾಗಾಗಿ ಈ ಬಾನಿಗೆ ಜೋಳದ ಹೊಟ್ಟು, ಗಸಿ ಎರಡೂ ಬೀಳುವುದಿಲ್ಲ. ಇಡೀ ಕಾಳನ್ನೇ ತಂದು, ಜರಡಿ ಹಿಡಿದು, ಪುಡಿ ಮತ್ತು ಒಡಕು ಕಾಳು ತೆಗೆದು, ಚೆನ್ನಾಗಿ ಒಣಗಿಸಿ ಬೀಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋಳದ ಬದಲು ಅಕ್ಕಿ ನುಚ್ಚು.

ತೌಡಿನ ಕಥೆ ಬೇರೆ. ಅದರಲ್ಲಿ ಎಣ್ಣೆ ಜಾಸ್ತಿ, ಬೆಳ್ತಿಗೆ ಅಕ್ಕಿಯ ತೌಡು ಬೇಗ ಕಮಟಾಗುತ್ತದೆ. ಕಮಟಾದ ಎಣ್ಣೆ ಮೇವಿನ ವಿಟಮಿನ್ ಇ ಯನ್ನು ಹಾಳು ಮಾಡುತ್ತದೆ. ಮರಿ ನಿಲ್ಲಲು ಅದು ಬೇಕೇ ಬೇಕು. ಕುಚ್ಚಲಕ್ಕಿ ಮಿಲ್ಲಿನ ತೌಡು ಇಷ್ಟು ಬೇಗ ಕೆಡುವುದಿಲ್ಲ, ಭತ್ತ ಬೇಯಿಸುವಾಗಲೇ ಎಣ್ಣೆ ಕೆಡಿಸುವ ಕಿಣ್ವ ಸತ್ತಿರುತ್ತದೆ. ಸಿಕ್ಕಿದರೆ ನಾನು ಅದನ್ನೇ ತರುತ್ತೇನೆ. ತೌಡಿನಲ್ಲಿ ಸುಣ್ಣದ ಅಂಶ ಕಡಿಮೆ, ಇರುವ ರಂಜಕ, ಸತುವೂ ಪೂರ್ತಿ ದಕ್ಕುವುದಿಲ್ಲ. ಖನಿಜ ಮಿಶ್ರಣ ಮರೆಯಬೇಡಿ.

ನಾರಿನಿಂದ ಲಾಭವೂ ಇದೆ. ಹೊರದೇಶದಲ್ಲಿ ಬೀಟ್ ತಿರುಳು, ಅಂದರೆ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆದ ಮೇಲೆ ಉಳಿಯುವುದನ್ನು, ಹಾಕಿ ನೋಡಿದ್ದಾರೆ. ಗಬ್ಬ ಕಟ್ಟಿಸುವ ಮುಂಚಿನ ಬೆದೆ ಚಕ್ರದಲ್ಲಿ ನಾರು ತಿಂದ ಹಂದಿಗಳಲ್ಲಿ ಭ್ರೂಣಗಳು ಹೆಚ್ಚು ಉಳಿದವು. ನಮ್ಮಲ್ಲಿ ಬೀಟ್ ತಿರುಳು ಎಲ್ಲಿಂದ ಬರಬೇಕು? ನಾನು ಒಳ್ಳೆ ಗೋಧಿ ಬೂಸಾ ಹಾಕುತ್ತೇನೆ. ನಾರಿನಿಂದ ಹೊಟ್ಟೆ ತುಂಬುತ್ತದೆ, ಕೊಬ್ಬು ಏರುವುದಿಲ್ಲ.

ಹತ್ತಿಕಾಳು ಹಿಂಡಿಯನ್ನು ಹಂದಿ ಮನೆ ಹತ್ತಿರವೂ ಬಿಡುವುದಿಲ್ಲ. ದನಕ್ಕೆ ಅದು ದಕ್ಕುತ್ತದೆ, ಹಂದಿಗೆ ಅದರಲ್ಲಿರುವ ಗಾಸಿಪಾಲ್ ಎಂಬ ಅಂಶ ವಿಷ. ಮರಗೆಣಸಿನ ಸಿಪ್ಪೆಯನ್ನು ಒಣಗಿಸದೆ ಹಾಕುವುದಿಲ್ಲ, ಹಸಿಯದರಲ್ಲಿ ಸಯನೈಡ್ ಇರುತ್ತದೆ.

ಮೊದಲ ಬೆದೆಗೇ ನಾನು ಗಂಡು ಬಿಡುವುದಿಲ್ಲ. ಎರಡನೆಯದೋ ಮೂರನೆಯದೋ ಬರಲಿ, ಮೈ ಕಟ್ಟಿಕೊಳ್ಳಲಿ. ಅದಕ್ಕೆ ಎರಡು ವಾರ ಮುಂಚೆ ನುಚ್ಚು, ಸೋಯಾ ಹಿಂಡಿ ಹೆಚ್ಚಿಸುತ್ತೇನೆ, ಅಂಡಗಳು ಜಾಸ್ತಿ ಬಿಡುಗಡೆಯಾಗುತ್ತವೆ. ಗಂಡು ಬಿಟ್ಟ ದಿನದಿಂದ ಹಳೇ ಅಳತೆ.